ಒತ್ತಿದಷ್ಟೇ ಗೆರೆ

2024ರ ಅಕ್ಟೋಬರ್ 14, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಮೂಡುಬಿದಿರೆಯಲ್ಲಿ ಮದುವೆಯ ಆಮಂತ್ರಣ ಅಚ್ಚು ಹಾಕುವ ಅಂಗಡಿಯೊಂದರ ಒಳಕೋಣೆಯಲ್ಲಿ ಜಸೀಲಾ ಮೊದಲ ಬಾರಿಗೆ ಆ ಪೆನ್ನನ್ನು ಕೈಗೆತ್ತಿಕೊಂಡಳು. ಮೇಜಿನ ಮೇಲೆ ಶಾಲೆಯ ಪಾಟಿಯಂಥ ಒಂದು ಕಪ್ಪು ಟ್ಯಾಬ್ಲೆಟ್. ಅದರ ಮೇಲೆ ಬರೆದದ್ದು ಎದುರಿನ ಕಂಪ್ಯೂಟರಿನ ಪರದೆಯಲ್ಲಿ ಮೂಡಬೇಕು. ಮೆಲ್ಲಗೆ ಒತ್ತಿದರೆ ಸಪೂರ ಗೆರೆ, ಜೋರಾಗಿ ಒತ್ತಿದರೆ ದಪ್ಪ ಗೆರೆ ಎಂದು ಅಂಗಡಿಯ ಒಡತಿ ಸುಪ್ರೀತಾ ಹೇಳಿಕೊಟ್ಟಿದ್ದರು.

ಜಸೀಲಾ ಒಂದು ಬಳ್ಳಿ ಎಳೆದಳು. ಪರದೆಯಲ್ಲಿ ಏನೂ ಬರಲಿಲ್ಲ. ಇನ್ನೊಮ್ಮೆ ಎಳೆದಳು. ಅಲ್ಲೊಂದು ಇಲ್ಲೊಂದು ಚುಕ್ಕೆ ಬಿತ್ತು. ಗೆರೆ ದಪ್ಪವಾಗಲಿ ಎಂದು ಹೆಬ್ಬೆರಳಿನಿಂದ ಪೆನ್ನನ್ನು ಹಿಂಡಿದಾಗ, ಇದ್ದ ಚುಕ್ಕೆಗಳೂ ಮಾಯವಾದವು.

ಸುಪ್ರೀತಾ ಸ್ವಲ್ಪ ಹೊತ್ತು ಪರದೆ ನೋಡಿದರು. ಆಮೇಲೆ ಅವಳ ಕೈ ನೋಡಿದರು. ಅವರಿಗೆ ನಗು ಬಂತು.

"ನೀವು ಮೆಹಂದಿ ಇಡ್ತಾ ಇದ್ದೀರಿ ಮಾರಾಯ್ರೆ."

ನಿಜವಾಗಿತ್ತು. ಬಿ.ಎಸ್ಸಿ. ಮುಗಿಸಿದ ಮೇಲೆ ಮಡಂತ್ಯಾರಿನ ಜಸೀಲಾಳಿಗೆ ಮೆಹಂದಿಯೇ ಉದ್ಯೋಗ. ಆಚೆ ಬಂಟ್ವಾಳ, ಈಚೆ ಅಳದಂಗಡಿಯವರೆಗೆ ಮದುಮಗಳಂದಿರು ಅವಳಿಗಾಗಿ ತಾರೀಕು ನೋಡಿಕೊಳ್ಳುತ್ತಿದ್ದರು. ಮೆಹಂದಿಯ ಕೋನ್ ಚರ್ಮಕ್ಕೆ ತಾಗಬಾರದು. ತುದಿ ಕೂದಲೆಳೆಯಷ್ಟು ಮೇಲೆಯೇ ನಿಲ್ಲಬೇಕು, ಹೆಬ್ಬೆರಳು ಹಿಂಡಿದಷ್ಟು ಮೆಹಂದಿ ದಾರದಂತೆ ಇಳಿದು ಕೈಮೇಲೆ ಮಲಗಬೇಕು. ಅವಳ ಕೈ ಈಗಲೂ ಅದನ್ನೇ ಮಾಡಿತ್ತು. ಆದರೆ ತಾಗದ ತುದಿಗೆ ಟ್ಯಾಬ್ಲೆಟ್ ಗೆರೆ ಕೊಡುವುದಿಲ್ಲ. ಹಿಂಡಿದ ಹೆಬ್ಬೆರಳು ಪೆನ್ನಿನ ಪಕ್ಕದ ಗುಂಡಿಯನ್ನು ಅದುಮುತ್ತಿತ್ತು, ಆ ಗುಂಡಿ ಮಾಡಿದ್ದನ್ನೆಲ್ಲ ಅಳಿಸುತ್ತಿತ್ತು.

ಅವಳಿಗೆ ಇದು ತಮಾಷೆಯಾಗಿರಲಿಲ್ಲ. ಮಳೆಗಾಲದಲ್ಲಿ ಬೆರಳ ತುದಿಗಳು ಒಡೆಯಲು ಶುರುವಾಗಿದ್ದವು. ಬಿ.ಸಿ. ರೋಡಿನ ಚರ್ಮದ ಡಾಕ್ಟರು ಪರೀಕ್ಷೆ ಮಾಡಿ, ಮೆಹಂದಿಯನ್ನೂ ಅದಕ್ಕೆ ಬೆರೆಸುವ ಎಣ್ಣೆಯನ್ನೂ ಇನ್ನು ಮುಟ್ಟಲೇಬಾರದು ಎಂದಿದ್ದರು. ಗ್ಲೌಸ್ ಹಾಕಿ ನೋಡಿದಳು, ಕೋನಿನ ಸುಳಿವೇ ಬೆರಳಿಗೆ ಸಿಗಲಿಲ್ಲ. ಬೇರೆ ಕೆಲಸ ಎಲ್ಲಾದರೂ ಸಿಗುತ್ತಿತ್ತೇನೋ. ಆದರೆ ಆ ಬಳ್ಳಿಗಳೆಲ್ಲ ಕೈಯೊಳಗೇ ಉಳಿದು ಒಣಗುತ್ತವಲ್ಲ ಎಂಬುದು ಅವಳ ಸಂಕಟ. ಸುಪ್ರೀತಾರ ಅಂಗಡಿಗೆ ಆಮಂತ್ರಣದ ಅಂಚುಗಳನ್ನು ಕೈಯಿಂದಲೇ ಬರೆಯುವವರು ಬೇಕು ಎಂದು ತಿಳಿದು, ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ, ವೇಣೂರು ದಾರಿಯಾಗಿ ಬಂದಿದ್ದಳು.

ಸುಪ್ರೀತಾ ಗುಂಡಿಯ ಕೆಲಸವನ್ನು ನಿಲ್ಲಿಸಿದರು. ಟ್ಯಾಬ್ಲೆಟ್ಟನ್ನೂ ಪೆನ್ನನ್ನೂ ಚೀಲಕ್ಕೆ ಹಾಕಿ ಅವಳ ಕೈಗೇ ಕೊಟ್ಟರು.

"ಶನಿವಾರ ಬನ್ನಿ. ನನ್ನೆದುರೇ ಒಂದು ಅಂಚು ಬರೆಯಿರಿ, ಅದರ ಮೇಲೆ ಚಿನ್ನದ ಹಾಳೆ ಒತ್ತಿ ನೋಡುವ. ನಮ್ಮ ಮೆಷಿನಲ್ಲಿ 0.2 ಮಿಲಿಮೀಟರಿಗಿಂತ ಸಪೂರ ಆದ್ರೆ ಚಿನ್ನ ನಿಲ್ಲುದಿಲ್ಲ, ತುಂಡಾಗ್ತದೆ. ನಿಂತ್ರೆ ಕೆಲಸ ನಿಮ್ಮದು."

ಮನೆಯಲ್ಲಿ ಕಾಲೇಜು ಕಾಲದ ಲ್ಯಾಪ್‌ಟಾಪಿಗೆ ಜೋಡಿಸಿ ಕುಳಿತಳು. ಮೊದಲ ಸಂಜೆ ಬರೀ ಸಿಟ್ಟು ಬಂತು. ಮಾರನೆಯ ದಿನ ಅವಳಿಗೆ ಪ್ರಯೋಗಶಾಲೆ ನೆನಪಾಯಿತು. ತನ್ನ ಕೈ ಎಷ್ಟು ಒತ್ತುತ್ತದೆಂದು ತನಗೇ ಗೊತ್ತಿಲ್ಲದಿದ್ದರೆ ಪೆನ್ನನ್ನು ಬೈದು ಏನು ಫಲ? ಮೆಹಂದಿಪುಡಿ ತೂಗುತ್ತಿದ್ದ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಚೆನ್ನಾಗಿ ಒರೆಸಿ, ಅದರ ಮೇಲೆ ಟ್ಯಾಬ್ಲೆಟ್ ಇಟ್ಟು, ಅಂಕಿಯನ್ನು ಸೊನ್ನೆಗೆ ತಂದಳು. ಈಗ ಪೆನ್ನು ಒತ್ತಿದಷ್ಟೇ ತೂಕ ತೋರುತ್ತಿತ್ತು.

ಚಾ ತಂದ ತಾಯಿ ಆಯಿಶಮ್ಮ ಬಾಗಿಲಲ್ಲೇ ನಿಂತರು. "ಅದೆಂತ ತೂಗ್ತಿ?"

"ಕೈಯ ಭಾರ ಉಮ್ಮ."

"ಕಡಿಮೆ ಉಂಟಾದ್ರೆ ಎರಡು ಹೊತ್ತು ಸರಿ ಉಣ್ಣು."

ಹದಿನೈದು ಗ್ರಾಂ ದಾಟಿದ ಮೇಲೆ ಗೆರೆ ಕಣ್ಣುಬಿಡುತ್ತಿತ್ತು. ನೂರರ ಹೊತ್ತಿಗೆ ಬಳ್ಳಿಯ ದಪ್ಪ. ಮುನ್ನೂರೈವತ್ತರ ಮೇಲೆ ಎಷ್ಟು ಒತ್ತಿದರೂ ಅಷ್ಟೇ. ಅವಳು ಒತ್ತಿದ ಭಾರಕ್ಕೆ ಗೆರೆಯ ದಪ್ಪವೆಷ್ಟು ಎಂದು ಗ್ರಾಫ್ ಕಾಗದದ ಮೇಲೆ ಚುಕ್ಕೆಯಿಟ್ಟು ಸೇರಿಸಿದಳು. ಮೊದಲು ಮೆಲ್ಲನೆ, ನಡುವೆ ಸರ್ರನೆ, ಕೊನೆಗೆ ಮತ್ತೆ ಚಪ್ಪಟೆಯಾಗಿ ಏರುವ ಒಂದು ವಕ್ರರೇಖೆ ಸಿಕ್ಕಿತು. ಅದನ್ನು ನೋಡಿದಾಗ ಪೆನ್ನಿನ ಮೇಲೆ ಅವಳಿಗೆ ಒಂದು ಬಗೆಯ ಗೌರವ ಹುಟ್ಟಿತು. ಕೋನ್ ಹೀಗಲ್ಲ. ಒಂದು ಗಾಳಿಗುಳ್ಳೆ ಒಡೆದರೆ ಮದುಮಗಳ ಅಂಗೈಯಲ್ಲಿ ಕಲೆ, ಬಿಸಿಲಿದ್ದರೆ ತುದಿ ಕಟ್ಟಿಕೊಳ್ಳುತ್ತದೆ. ಈ ಪೆನ್ನಿಗೆ ಮುನಿಸೂ ಇಲ್ಲ, ಮರ್ಜಿಯೂ ಇಲ್ಲ. ಒಂದು ಗ್ರಾಂ ಹೆಚ್ಚು ಕೊಟ್ಟರೆ ಆ ಒಂದು ಗ್ರಾಮನ್ನೂ ಲೆಕ್ಕಕ್ಕೆ ಹಿಡಿಯುತ್ತದೆ.

ಹೆಬ್ಬೆರಳಿನ ವಿದ್ಯೆಯನ್ನು ಮಣಿಕಟ್ಟಿಗೆ ಇಳಿಸುವುದೇ ಕಷ್ಟವಾಯಿತು. ತಕ್ಕಡಿ ನೋಡುತ್ತ ಬರೆದಳು, ಆಮೇಲೆ ನೋಡದೆ ಬರೆದು ಅಂಕಿ ಓದಿದಳು. ಗುರುವಾರ ಮಧ್ಯಾಹ್ನ, ಕೋನಿನಲ್ಲಿ ಎರಡು ಗೆರೆ ಎಳೆದು ನಡುವೆ ತುಂಬಬೇಕಾಗಿದ್ದ ಎಸಳು ಒಂದೇ ಎಳೆತಕ್ಕೆ ಬಂತು. ಸಪೂರವಾಗಿ ಹುಟ್ಟಿ, ಹೊಟ್ಟೆ ತುಂಬಿಕೊಂಡು, ಮತ್ತೆ ಸಪೂರವಾಗಿ ಮುಗಿದಿತ್ತು. ಇಷ್ಟು ವರ್ಷ ತನ್ನ ಕೈ ಕೇಳುತ್ತಿದ್ದದ್ದು ಇದನ್ನೇ ಏನೋ ಎನಿಸಿ ಅವಳು ಅದರ ಪಕ್ಕದಲ್ಲೇ ಇನ್ನೊಂದು ಎಸಳು ಎಳೆದಳು.

ಒಂದು ಹೆದರಿಕೆ ಮಾತ್ರ ಉಳಿದಿತ್ತು. ಮೆಹಂದಿಯ ಬಳ್ಳಿಯ ತುದಿಯನ್ನು ಅವಳು ಯಾವಾಗಲೂ ಕಾಣದಷ್ಟು ಸಪೂರ ಮಾಡಿ ಬಿಡುತ್ತಿದ್ದಳು. ಅದೇ ಅವಳ ಗುರುತು. ಚಿನ್ನಕ್ಕೆ ಅದು ಆಗದು. ತುದಿಯನ್ನು ಹಾರಿಸದೆ, ಗೆರೆ 0.2 ಮಿಲಿಮೀಟರ್ ದಾಟುವ ಇಪ್ಪತ್ತು ಗ್ರಾಮಿನಷ್ಟು ಭಾರದಲ್ಲಿ ಹಿಡಿದು, ಅಲ್ಲಿಯೇ ನಿಲ್ಲಿಸಿ ಎತ್ತಬೇಕು.

ಶನಿವಾರ ಸುಪ್ರೀತಾರ ಮುಂದೆ ತಕ್ಕಡಿ ಇರಲಿಲ್ಲ. ಜಸೀಲಾ ಅಂಚಿನ ಉದ್ದಕ್ಕೂ ಬಳ್ಳಿ ಹರಿಸಿದಳು. ಸುಪ್ರೀತಾ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಒಮ್ಮೆ, ಪರದೆ ನೋಡುವುದೋ ಕೈ ನೋಡುವುದೋ ಗೊತ್ತಾಗುದಿಲ್ಲ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಕೊನೆಯ ಬಳ್ಳಿಯ ತುದಿಯಲ್ಲಿ ಹಾರಿಹೋಗಬೇಕೆಂದಿದ್ದ ಕೈಯನ್ನು ಜಸೀಲಾ ಉಸಿರು ಹಿಡಿದು ನಿಲ್ಲಿಸಿದಳು.

ಹಾಳೆ ಪ್ರಿಂಟಾಯಿತು, ಚಿನ್ನದ ಹಾಳೆಯೊಂದಿಗೆ ಬಿಸಿ ಉರುಳೆಗಳ ನಡುವೆ ಹೋಗಿ ಬಂತು. ಗೆರೆಗೆ ಅಂಟಿದ ಚಿನ್ನವನ್ನು ಉಳಿಸಿ, ಸುಪ್ರೀತಾ ಮೇಲಿನ ಹೊದಿಕೆಯನ್ನು ನಿಧಾನವಾಗಿ ಸುಲಿದರು. ಎಲ್ಲ ತುದಿಗಳೂ ಹೊಳೆಯುತ್ತಿದ್ದವು. ಅವರು ಅಳತೆಗೀಟುಗಳಿರುವ ಭೂತಗನ್ನಡಿಯನ್ನು ಎಲ್ಲಕ್ಕಿಂತ ಸಪೂರವಾದ ತುದಿಯ ಮೇಲಿಟ್ಟು, ಒಂದು ಕಣ್ಣು ಮುಚ್ಚಿ ಓದಿದರು. ಮತ್ತೆ ಅದನ್ನು ಜಸೀಲಾಳ ಕಡೆಗೆ ಸರಿಸಿದರು.

"ನೀವೇ ಓದಿ. ಸೋಮವಾರದಿಂದ ಇದು ನಿಮ್ಮದೇ ಮೇಜು."

ಜಸೀಲಾ ಬಗ್ಗಿ ಓದಿದಳು. 0.25 ಮಿಲಿಮೀಟರ್.