ಎರಡು ಸಲ ಬಿದ್ದ ಉಪ್ಪು

ಲಾಸ್ಯಳನ್ನು ನೋಡಲು ಒಂಟಿಕೊಪ್ಪಲಿನಿಂದ ಗಂಡಿನ ಕಡೆಯವರು ಬಂದ ದಿನ, ಚಾಮರಾಜಪುರಂನ ನಮ್ಮ ಮನೆಯಲ್ಲಿ ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಬಿತ್ತು. ಮೊದಲು ಹಾಕಿದವರು ನನ್ನ ಅತ್ತೆ. ಅವರು ಸೀರೆ ಬದಲಿಸಲು ಹೋದಾಗ ಅವರ ಅಕ್ಕ ಪ್ರೇಮಲೀಲಾ ಬಂದು, ಯಾರನ್ನೂ ಕೇಳದೆ ಮತ್ತೊಮ್ಮೆ ಹಾಕಿದರು. ಬಂದವರಿಗೆ ಬಡಿಸುವ ಮೊದಲು ಯಾರೂ ರುಚಿ ನೋಡಬಾರದೆಂಬುದು ಅತ್ತೆಯ ನಿಯಮ. ಹಾಗಾಗಿ ಇದು ತಿಳಿದದ್ದು ಆಮೇಲೆ.

ಆಗ ನಾನು ಲಾಸ್ಯಳಿಗೆ ಜಡೆ ಹಾಕುತ್ತಿದ್ದೆ. ಅವಳು ನನ್ನ ನಾದಿನಿ.

"ಅತ್ತಿಗೆ, ಅರ್ಧ ಗಂಟೇಲಿ ಒಬ್ಬ ಮನುಷ್ಯನ ಗುಣ ಹೇಗೆ ಗೊತ್ತಾಗುತ್ತೆ?"

"ಗೊತ್ತಾಗಲ್ಲ."

"ಸಾಯಂಕಾಲದೊಳಗೆ ಹೂಂ, ಇಲ್ಲ ಉಹೂಂ ಅನ್ಬೇಕಂತೆ. ಒಂದು ಚಪ್ಪಲಿ ಆರಿಸೋಕೆ ನಂಗೆ ಎರಡು ದಿನ ಬೇಕು."

"ತಲೆ ಅಲ್ಲಾಡಿಸ್ಬೇಡ."

ಫೋಟೋದಲ್ಲಿ ಹುಡುಗ ಚೆನ್ನಾಗಿದ್ದ. ಅವಳ ಭಯವೂ ಅದೇ. ಮುಖ ನೋಡಿ ಹೂಂ ಅಂದು, ಆಮೇಲೆ ಒರಟನೆಂದು ತಿಳಿದರೆ?

ಅವರು ಬಂದಾಗ ನಾನು ಅಡುಗೆಮನೆಯಲ್ಲೇ ಉಳಿದೆ. ನನ್ನ ಗಂಡ, ಲಾಸ್ಯಳ ಅಣ್ಣ, ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಇಂಥ ದಿನ ನಾನು ಒಳಗಿರುವುದು ಒಳ್ಳೆಯದೆಂದು ಪ್ರೇಮಲೀಲಾ ಬೆಳಿಗ್ಗೆಯೇ ಹೇಳಿದ್ದರು. ಶರಣರನ್ನು ನಂಬುವ ಮನೆಯಲ್ಲಿ ಅದೆಲ್ಲ ಇಲ್ಲವೆಂದು ಮಾವ ಗೊಣಗಿದರು. ನನಗೆ ಎರಡೂ ಒಂದೇ ಆಗಿತ್ತು.

ಲಾಸ್ಯ ಉಪ್ಪಿಟ್ಟು ಕೊಟ್ಟು ಒಳಗೆ ಬಂದು ನನ್ನ ಪಕ್ಕ ನಿಂತಳು. ಹೊರಗೆ ಹುಡುಗನ ತಾಯಿ ವೇದವತಿಯ ದನಿ ಕೇಳಿಸಿತು.

"ಉಪ್ಪಿಟ್ಟು ತುಂಬ ಚೆನ್ನಾಗಿದೆ ಕಣ್ರೀ."

"ಹಾಗಾದ್ರೆ ಇನ್ನೊಂದು ಸ್ವಲ್ಪ ಹಾಕಿಸ್ಕೊಳ್ಳಿ," ಎಂದರು ಅತ್ತೆ, ಖುಷಿಯಾಗಿ.

"ಅಯ್ಯೋ, ಬೇಡಿ ಬೇಡಿ!"

ಸ್ವಲ್ಪ ಹೊತ್ತಿಗೆ ಹುಡುಗ ಶಿವಕಿರಣ್ ಲೋಟ ಹಿಡಿದು ಅಡುಗೆಮನೆಯ ಬಾಗಿಲಿಗೇ ಬಂದ. ಕಣ್ಣಲ್ಲಿ ನೀರಾಡುತ್ತಿತ್ತು.

"ಸ್ವಲ್ಪ ನೀರು ಕೊಡ್ತೀರಾ?"

ಕೊಟ್ಟೆ. ಕುಡಿದು ಮತ್ತೆ ಲೋಟ ಚಾಚಿದ.

"ನೀವು ಉಪ್ಪಿಟ್ಟು ತಿಂದ್ರಾ?"

"ಇನ್ನೂ ಇಲ್ಲ."

"ತಿನ್ಬೇಡಿ ಕಣ್ರೀ," ಎಂದ ಮೆಲ್ಲಗೆ. "ಉಪ್ಪು ಜಾಸ್ತಿ."

"ಚೆನ್ನಾಗಿದೆ ಅಂದ್ರಲ್ಲ?" ಎಂದಳು ಲಾಸ್ಯ.

"ಅದು ನಮ್ಮಮ್ಮ. ನಂಗೆ ಬಾಯಿ ತುಂಬ ಉಪ್ಪಿಟ್ಟಿತ್ತು, ಮಾತು ಹೊರಡಲಿಲ್ಲ. ಅಪ್ಪಂಗೆ ಬಿ.ಪಿ. ಇದೆ. ಅವರ ಪಾಲೂ ನಾನೇ ತಿಂದ್ಬುಟ್ಟೆ."

ಲಾಸ್ಯ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನನಗೂ ನಗು ಬಂತು. ನಾನು ನಕ್ಕು ಬಹಳ ದಿನವಾಗಿತ್ತು.

ಅಷ್ಟರಲ್ಲಿ ಅತ್ತೆ ಬಂದು, ಬಂದವರು ಮೆಚ್ಚಿದ ಉಪ್ಪಿಟ್ಟನ್ನು ತಾವೂ ಒಂದು ತುತ್ತು ಬಾಯಿಗಿಟ್ಟರು.

"ಅಯ್ಯೋ ಶಿವನೇ!"

ಹಾಗೇ ಹಜಾರಕ್ಕೆ ಓಡಿ ಕೈಮುಗಿದರು. ನಾವೂ ಹಿಂದೆಯೇ ಹೋದೆವು. ನಾನು ಬಾಗಿಲಲ್ಲೇ ನಿಂತೆ.

"ಪ್ರೇಮಕ್ಕ, ನೀನೂ ಹಾಕಿದ್ಯಾ?"

"ನೀನು ಮರೆತಿರ್ತೀಯ ಅಂತ ಹಾಕ್ದೆ ಕಣೇ!"

ವೇದವತಿ ತಡೆದಿದ್ದ ನಗುವನ್ನೆಲ್ಲ ಬಿಟ್ಟರು. ಹುಡುಗನ ತಂದೆ ರುದ್ರಸ್ವಾಮಿ ಮಗನ ಕಡೆ ತಿರುಗಿದರು.

"ಅದಕ್ಕೇ ನನ್ನ ತಟ್ಟೆ ಕಿತ್ಕೊಂಡ್ಯೇನೋ? ಹೊಟ್ಟೆಬಾಕ ಅಂತ ಬೈಕೊಂಡು ಕೂತಿದ್ದೆ."

ಎಲ್ಲರೂ ನಕ್ಕರು. ಶಿವಕಿರಣ್ ನನ್ನನ್ನು ನೋಡಿ, "ನೀವ್ಯಾಕೆ ಅಲ್ಲೇ ನಿಂತ್ರಿ? ಬನ್ನಿ, ಕೂತ್ಕೊಳ್ಳಿ," ಎಂದ.

"ಅವಳು ಒಳಗೇ ಇರ್ಲಿ ಬಿಡಪ್ಪ," ಎಂದರು ಪ್ರೇಮಲೀಲಾ. "ಇಂಥ ಹೊತ್ತಲ್ಲಿ ಗಂಡನ್ನ ಕಳ್ಕೊಂಡೋಳು..."

ನಗು ನಿಂತಿತು. ಲಾಸ್ಯ ಹುಡುಗನ ಮುಖವನ್ನೇ ನೋಡುತ್ತಿದ್ದಳು.

ಅವನು ವಾದಕ್ಕೆ ಹೋಗಲಿಲ್ಲ. ತನ್ನ ಕುರ್ಚಿಯನ್ನು ಎತ್ತಿ ನನ್ನ ಮುಂದಿಟ್ಟು, ಅಪ್ಪ ಅಮ್ಮ ಕುಳಿತಿದ್ದ ದಿವಾನದ ತುದಿಗೆ ಹೋದ.

"ಅಪ್ಪ, ಸ್ವಲ್ಪ ಸರೀರಿ."

"ಇನ್ನೆಲ್ಲಿಗೋ ಸರಿಯೋದು? ಗೋಡೆ ಒಳಕ್ಕಾ?"

"ಬಾಮ್ಮ, ಕೂತ್ಕೋ," ಎಂದರು ವೇದವತಿ ನನಗೆ.

ಲಾಸ್ಯ ಅತ್ತೆಯ ಕಡೆ ತಿರುಗಿದಳು. "ಅಮ್ಮ, ಸಾಯಂಕಾಲದ ತನಕ ಕಾಯ್ಲೇಬೇಕಾ? ಈಗ್ಲೇ ಹೇಳ್ಬಹುದಾ?"

"ಶ್! ಏನೇ ಇದು, ಎಲ್ಲರ ಮುಂದೆ!"

"ಹೇಳ್ಬುಡಮ್ಮ," ಎಂದರು ರುದ್ರಸ್ವಾಮಿ. "ನಂಗೆ ಹಸಿವು."

"ಹೂಂ," ಎಂದಳು ಲಾಸ್ಯ.

ನಾನು ಆ ಕುರ್ಚಿಯಲ್ಲಿ ಕುಳಿತೆ.