ಅದೇ ಮೊಲ

ನನ್ನ ಗಂಡ ಎಲೆಕ್ಟ್ರಿಷಿಯನ್. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ. ಮಗಳು ಸಾಕಿದ ಮೊಲದ ಮುಂಬಲ್ಲುಗಳು ಬೆಳೆದು ಕೊಕ್ಕೆಯ ಹಾಗೆ ಬಾಗಿ, ಅದಕ್ಕೆ ಹುಲ್ಲು ಕಚ್ಚಲೂ ಆಗದಂತಾದಾಗ ಪ್ರಾಣಿಗಳ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು: "ಮನೇಲಿ ಕತ್ತರಿಸೋಕೆ ಹೋಗ್ಬೇಡಿ, ಹಲ್ಲು ಬುಡದವರೆಗೂ ಸೀಳುತ್ತೆ. ಇಲ್ಲಿಗೇ ತನ್ನಿ, ಮಷಿನ್ನಲ್ಲಿ ಉಜ್ಜಿ ಕೊಡ್ತೀನಿ."

"ದಿನಾ ವೈರು ಕತ್ತರಿಸೋನಿಗೆ ಇದ್ಯಾವ ಲೆಕ್ಕ?" ಎಂದ ಇವನು, ಮೊಲವನ್ನು ಟವೆಲಿನಲ್ಲಿ ಸುತ್ತಿ ಅಡುಗೆಕಟ್ಟೆಯ ಮೇಲೆ ಅದುಮಿ ಹಿಡಿದು ಕಟಿಂಗ್ ಪ್ಲೇಯರ್ ಹಾಕಿಯೇಬಿಟ್ಟ. ಕಟಕ್ ಎಂದಿತು. ಮೊಲ ಕಿರುಚಿತು. ಮೊಲಕ್ಕೆ ದನಿಯಿದೆ ಎಂದು ನನಗೆ ಗೊತ್ತಾದದ್ದೇ ಆಗ. ದವಡೆ ಬಾತು, ಎರಡು ದಿನ ನರಳಿ ಸತ್ತಿತು.

ರಜೆಗೆ ಅಜ್ಜಿಯ ಮನೆಗೆ ಹೋಗಿದ್ದ ಮಗಳು ಬರುವಷ್ಟರಲ್ಲಿ ಇವನು ಅಂಗಡಿಯಿಂದ ಅಂಥದ್ದೇ ಬಿಳಿ ಮೊಲ ತಂದು ಗೂಡಿಗೆ ಬಿಟ್ಟಿದ್ದ.

"ನೋಡು ಪುಟ್ಟಿ, ಅಪ್ಪ ಕತ್ತರಿಸಿದ್ಮೇಲೆ ಹಲ್ಲು ಹೇಗೆ ಸರಿಹೋಯ್ತು!" ಎಂದು ಹಲ್ಲು ಕಿರಿದ. ನಾನು ಹಲ್ಲು ಕಚ್ಚಿಕೊಂಡೆ.

ಮಗಳು ಮೊಲವನ್ನು ಎತ್ತಿ ಮುದ್ದಾಡಿದಳು, ತುಟಿ ಸರಿಸಿ ಹಲ್ಲು ನೋಡಿದಳು. ಆಮೇಲೆ ಸೀದಾ ಹೋಗಿ ಅಪ್ಪನ ಚೀಲದಿಂದ ಕಟಿಂಗ್ ಪ್ಲೇಯರ್ ತಂದಳು.

"ಮತ್ತೆ ಬೆಳೆಯೋದ್ರೊಳಗೆ ಇನ್ನೊಂದ್ಸಲ ಕತ್ತರಿಸಪ್ಪಾ. ಈ ಸಲ ನಾನೇ ಹಿಡ್ಕೋತೀನಿ."

ಇವನು ನನ್ನ ಮುಖ ನೋಡಿದ, ಮಗಳ ಮುಖ ನೋಡಿದ. ನಿಜ ಹೇಳುವುದಕ್ಕಿಂತ ಅದೇ ಸುಲಭ ಎನಿಸಿರಬೇಕು. ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಮೊಲದ ಬಾಯಿ ತೆರೆದಿದ್ದ.