ಬಿಟ್ಟುಹೋದ ಸಾಲುಗಳು

ಚಿಕಿತ್ಸಾ ಕೇಂದ್ರದಲ್ಲಿ ಎಲ್ಲರೂ ಅವಳನ್ನು ಭುಜದಮ್ಮ ಎಂದೇ ಕರೆಯುತ್ತಿದ್ದರು. ಬಿಗಿದುಕೊಂಡು ಮೇಲೇಳದ ಭುಜಗಳಿಗೆ ವ್ಯಾಯಾಮ ಮಾಡಿಸಿ ಸಡಿಲಗೊಳಿಸುವುದು ಅವಳ ಕೆಲಸ. ಪಕ್ಕದ ಕೋಣೆಯಲ್ಲಿ ಮಂಡಿ ನೋಡುತ್ತಿದ್ದ ಗೆಳತಿ ಮಂಡಿಯಮ್ಮ. ಹೆಸರಿಟ್ಟವರು ರೋಗಿಗಳೇ ಆದ್ದರಿಂದ ಇಬ್ಬರಿಗೂ ಅದರಲ್ಲಿ ಒಳಗೊಳಗೇ ಖುಷಿ.

ಭುಜದಮ್ಮ ಎರಡು ವರ್ಷದಿಂದ ತನ್ನದೇ ಒಂದು ಕ್ರಮ ರೂಢಿಸಿದ್ದಳು. ಗೋಡೆಗೆ ಬಿಗಿದ ರಾಟೆಯ ಹಗ್ಗ ಹಿಡಿಸಿ, ನೋವು ಶುರುವಾದ ಮೇಲೂ ತೋಳನ್ನು ಇನ್ನೊಂದಿಷ್ಟು ಮೇಲಕ್ಕೆ ಎಳೆಸುವುದು ಅದರ ಜೀವಾಳ. ದೊಡ್ಡ ಡಾಕ್ಟರಿಗೂ ಅದು ಮನಸ್ಸಿಗೆ ಬಂದಿತ್ತು. "ಲೆಕ್ಕ ಹಾಕಿ ತೋರ್ಸಿ, ಬೇರೆ ಕೇಂದ್ರಗಳಲ್ಲೂ ಶುರು ಮಾಡ್ಸೋಣ" ಎಂದಿದ್ದರು. ಹಾಗಾಗಿ ಐವತ್ತರ ಹೊಸ್ತಿಲಲ್ಲಿ ಅವಳು ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿಯಲು ಕೂತಳು. ಅಂಕಿಅಂಶದ ಕೆಲಸಕ್ಕೆಂದೇ ಹುಟ್ಟಿದ ಭಾಷೆ ಅದು. ಕಲಿಸುವವನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಮೇಷ್ಟ್ರಾಗಿದ್ದ ಮೈದುನ.

ಆ ಭಾನುವಾರ ಮಧ್ಯಾಹ್ನ ಮೈದುನ ಬಾಗಿಲ ಹೊರಗೆ ಸೈಕಲ್ಲಿನ ಚೈನು ಬಿಚ್ಚಿಕೊಂಡು ಕೂತಿದ್ದ. ಭುಜದಮ್ಮ ಕಿಟಕಿಯ ಪಕ್ಕ, ರೋಗಿಗಳ ತೋಳು ಮೊದಲ ದಿನ, ಮೂರನೇ ಮತ್ತು ಆರನೇ ವಾರ ಎಷ್ಟು ಏರಿತೆಂಬ ಅಳತೆಗಳನ್ನು ತುಂಬಿಸಿದ್ದ ಲ್ಯಾಪ್‌ಟಾಪ್ ಇಟ್ಟುಕೊಂಡು ಅಲ್ಲಿಂದಲೇ ಕೇಳಿದಳು.

"ಏನಪ್ಪಾ ಇದು, ಸರಾಸರಿ ಕೇಳಿದ್ರೆ ಬರೀ ಎನ್‌ಎ ಅಂತಿದೆ. ಒಂದು ಅಂಕಿ ಕೊಡೋಕೆ ಇದಕ್ಕೇನು ದಾಡಿ?"

"ಪಟ್ಟಿಯಲ್ಲಿ ಎಲ್ಲೋ ಖಾಲಿ ಮನೆ ಇರುತ್ತೆ ಅತ್ತಿಗೆ. ಒಂದೇ ಒಂದು ಖಾಲಿ ಇದ್ರೂ ಸಾಕು, ಗೊತ್ತಿಲ್ಲ ಅಂತ ಕೈ ಎತ್ತಿಬಿಡುತ್ತೆ."

"ಕೈ ಎತ್ತಿಸೋದು ನನ್ನ ಕಸುಬು, ಇಳಿಸೋದು ಹೇಗೆ ಹೇಳು."

ಅವನು ನಕ್ಕ. "ಕಂಸದೊಳಗೆ ಒಂದು ಕಾಮಾ ಹಾಕಿ, ಎನ್‌ಎ ಡಾಟ್ ಆರ್‌ಎಂ ಇಸ್ ಈಕ್ವಲ್ ಟು ಟ್ರೂ ಅಂತ ಸೇರ್ಸಿ. ಖಾಲಿ ಇರೋದನ್ನ ಬಿಟ್ಟು ಮಿಕ್ಕಿದ್ದರ ಲೆಕ್ಕ ಕೊಡುತ್ತೆ."

ಅವಳು ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಉತ್ತರ ಬಂತು. ಆರನೇ ವಾರದ ಹೊತ್ತಿಗೆ ತೋಳು ಸರಾಸರಿ ಕಿವಿಯ ಪಕ್ಕಕ್ಕೇ ಏರಿತ್ತು. ಅವಳಿಗೆ ಹೊಟ್ಟೆಯೊಳಗೆ ಹಾಲು ಹುಯ್ದಂತಾಯಿತು. ಮೈದುನನನ್ನು ಒಳಗೆ ಕರೆದು ತೋರಿಸಿದಳು. ಅವನು ಗ್ರೀಸು ಮೆತ್ತಿದ ಕೈಯನ್ನು ದೂರ ಹಿಡಿದು ಪರದೆಗೆ ಬಗ್ಗಿದ.

"ಚೆನ್ನಾಗಿದೆ. ಎಷ್ಟು ಜನರದ್ದು ಇದು?"

"ಎಲ್ಲರದ್ದೂ."

"ಎಲ್ಲರದ್ದೂ ಅಲ್ಲ ಅತ್ತಿಗೆ, ಮಿಕ್ಕವರದ್ದು. ಬಿಟ್ಟುಹೋದವರು ಎಷ್ಟು ಅಂತ ನೋಡಿದ್ರಾ?"

ಅದನ್ನೂ ಅವನೇ ಹೇಳಿಕೊಟ್ಟ. ಎಣಿಕೆ ಪರದೆಯ ಮೇಲೆ ಬಂದಾಗ ಅವಳು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಅರ್ಧಕ್ಕಿಂತ ಹೆಚ್ಚು ಮಂದಿಯ ಆರನೇ ವಾರದ ಅಳತೆ ಖಾಲಿಯಾಗಿತ್ತು.

"ಗುಣ ಆದ ಮೇಲೆ ಯಾರು ಬರ್ತಾರೆ?" ಎಂದಳು, ಸ್ವಲ್ಪ ಸಿಡುಕಿನಿಂದಲೇ. "ನಮ್ಮ ದೊಡ್ಡಮ್ಮನ್ನೇ ನೋಡು. ಮೂರನೇ ವಾರಕ್ಕೆ ವಾಸಿಯಾಯ್ತು ಅಂತ ನಿಲ್ಲಿಸಿದ್ಳು."

"ಇರಬಹುದು. ಆದ್ರೆ ಇದಕ್ಕೆ ಅದು ಗೊತ್ತಿಲ್ಲವಲ್ಲ. ಖಾಲಿ ಇರೋರ ಸಾಲುಗಳನ್ನ ಮಾತ್ರ ತೆಗೆದು ನೋಡಿ, ಮೂರನೇ ವಾರದ ಅಳತೆನಾದ್ರೂ ಇರುತ್ತೆ."

ಅವಳು ತೆಗೆಸಿದಳು. ಬಿಟ್ಟುಹೋದ ಸಾಲುಗಳು ಮೇಲಿಂದ ಕೆಳಗೆ ಉದ್ದಕ್ಕೆ ಹರಡಿಕೊಂಡವು. ಮೊದಲ ದಿನದ ಅಳತೆ, ಪಕ್ಕದಲ್ಲಿ ಮೂರನೇ ವಾರದ್ದು. ಮೊದಲ ಸಾಲಿನಲ್ಲಿ ಇಳಿದಿತ್ತು. ಎರಡನೆಯದರಲ್ಲೂ ಇಳಿದಿತ್ತು. ಅವಳು ಬೆರಳನ್ನು ಒಂದೊಂದೇ ಸಾಲಿನ ಮೇಲೆ ಕೆಳಕ್ಕೆ ಸರಿಸಿದಳು. ಒಂದೆರಡು ಬಿಟ್ಟರೆ ಎಲ್ಲರ ತೋಳೂ ಬಂದಾಗ ಇದ್ದದ್ದಕ್ಕಿಂತ ಕೆಳಗೆ ಹೋಗಿತ್ತು. ಎಲ್ಲ ಅವಳೇ ಅಳೆದು ಅವಳೇ ತುಂಬಿಸಿದ ಅಂಕಿಗಳು. ಒಬ್ಬೊಬ್ಬರಾಗಿ ಎದುರಿಗೆ ಕೂತಾಗ, ಇವತ್ತೇಕೋ ಸ್ವಲ್ಪ ಬಿಗಿ, ನಾಳೆ ಸರಿಹೋಗುತ್ತದೆ ಎಂದುಕೊಂಡು ಮುಂದಕ್ಕೆ ಸಾಗಿದ್ದಳು. ಒಟ್ಟಿಗೆ ಎಂದೂ ನೋಡಿರಲಿಲ್ಲ.

ನಡುವೆ ಒಂದು ಸಾಲು. ಹೆಂಗಸು, ಎಪ್ಪತ್ತೊಂದು, ಎಡ ಭುಜ, ಎಡಗೈ ರೂಢಿ, ದರ್ಜಿ ಕೆಲಸ. ತಾಯಿ ಇಲ್ಲದ ತನ್ನನ್ನು ಸಾಕಿ ಸಲಹಿದ ದೊಡ್ಡಮ್ಮ. ಅವಳ ಅಂಕಿಯೂ ಇಳಿದಿತ್ತು.

ಮೈದುನ ಏನೋ ಹೇಳುತ್ತಿದ್ದ, ಭುಜದಮ್ಮನಿಗೆ ಕೇಳಿಸಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು.

ದೊಡ್ಡಮ್ಮನ ಹೊಲಿಗೆ ಅಂಗಡಿ ಎರಡು ಬೀದಿ ಆಚೆ, ಒಂದು ಕಟ್ಟಡದ ನೆಲಮಹಡಿಯಲ್ಲಿತ್ತು. ಭೇಟಿಯಾಗಬೇಕೆಂದರೆ ದೊಡ್ಡಮ್ಮನೇ ಇವಳ ಮನೆಗೆ ಬರುತ್ತಿದ್ದಳು, ಬಂದಾಗಲೆಲ್ಲ ಶಾಲು ಹೊದ್ದಿರುತ್ತಿದ್ದಳು. ಅಂಗಡಿಗೆ ಇವಳು ಕಾಲಿಟ್ಟು ತಿಂಗಳುಗಳೇ ಆಗಿದ್ದವು. ಬಾಗಿಲಲ್ಲೇ ನಿಂತು ಒಳಗೆ ನೋಡಿದಳು.

ಗೋಡೆಯ ಮೇಲಿನ ಹಲಗೆಗಳೆಲ್ಲ ಬರಿದಾಗಿದ್ದವು. ಸಾಲಾಗಿ ಮೇಲಿರುತ್ತಿದ್ದ ದಾರದ ಉಂಡೆಗಳು ನೆಲದ ಮೇಲೆ ರಟ್ಟಿನ ಪೆಟ್ಟಿಗೆಯಲ್ಲಿದ್ದವು. ಕತ್ತರಿ, ಗುಂಡಿಯ ಡಬ್ಬಿ, ಚಹಾದ ಲೋಟ, ಕೊನೆಗೆ ಕನ್ನಡಿ ಕೂಡ ಸೊಂಟದ ಮಟ್ಟಕ್ಕೆ ಇಳಿದಿತ್ತು. ಆ ಕೋಣೆಯಲ್ಲಿ ಸೊಂಟದಿಂದ ಮೇಲಕ್ಕೆ ಏನೂ ಉಳಿದಿರಲಿಲ್ಲ.

"ಬಾರೇ, ಏನು ಹೇಳದೆ ಕೇಳದೆ?" ದೊಡ್ಡಮ್ಮ ಯಂತ್ರದ ಮುಂದಿನಿಂದ ತಿರುಗಿದಳು. ಎಡಗೈ ಮಡಿಲಲ್ಲಿತ್ತು. ಒಂದೇ ಕೈಯಲ್ಲಿ ಬಟ್ಟೆ ನೂಕುತ್ತಿದ್ದಳು.

"ಕೈ ಎತ್ತು ದೊಡ್ಡಮ್ಮ."

"ಈಗಲೇ? ಕೂತ್ಕೋ ಮೊದ್ಲು, ಚಾ ತರಿಸ್ತೀನಿ."

"ಎತ್ತು ಅಂದೆ."

ತೋಳು ಒಂದು ಗೇಣು ಮೇಲೆದ್ದು ನಿಂತಿತು. ದೊಡ್ಡಮ್ಮ ತುಟಿ ಕಚ್ಚಿಕೊಂಡಳು. ಭುಜದಮ್ಮ ಆ ತೋಳನ್ನು ಮೆಲ್ಲಗೆ ಹಿಡಿದು ಮತ್ತೆ ಮಡಿಲಿಗೆ ಇಳಿಸಿದಳು.

"ಗುಣ ಆಯ್ತು ಅಂದಿದ್ದೆಯಲ್ಲ."

"ಇನ್ನೇನು ಹೇಳ್ಲಿ? ನೀನು ಹಗ್ಗ ಎಳೆಸ್ತಾ, ಎಷ್ಟು ಚೆನ್ನಾಗಿ ಬರ್ತಿದೆ ನೋಡು ಅಂತ ಕುಣೀತಿದ್ದೆ. ಆ ಮುಖ ನೋಡ್ಕೊಂಡು, ನಿನ್ನ ವ್ಯಾಯಾಮದಿಂದ ಪ್ರಾಣ ಹೋಗ್ತಿದೆ ಕಣೇ ಅಂತ ಹೇಳೋಕಾಗುತ್ತಾ?" ದೊಡ್ಡಮ್ಮ ದಾರ ಕಡಿದಳು. "ನಾನೊಬ್ಳೇ ಅಲ್ಲ. ನಿನ್ನ ಕೋಣೆ ಹೊರಗೆ ಬೆಂಚಿನ ಮೇಲೆ ಕೂತೋರೆಲ್ಲ ಅದನ್ನೇ ಮಾತಾಡ್ಕೊಳ್ತಿದ್ರು. ಒಬ್ಬೊಬ್ರೇ ಬರೋದು ಬಿಟ್ರು."

ಆ ಬೆಂಚು ಭುಜದಮ್ಮನ ಕೋಣೆಯ ಬಾಗಿಲಿಗೆ ತಾಗಿಕೊಂಡೇ ಇತ್ತು; ಆ ಮಾತು ಒಂದು ದಿನವೂ ಅವಳ ಕಿವಿಗೆ ಬಿದ್ದಿರಲಿಲ್ಲ.

ಮರುದಿನ ಭುಜದಮ್ಮ ಯಾರಿಗೂ ರಾಟೆ ಹಿಡಿಸಲಿಲ್ಲ. ಬೆಳಗಿನಿಂದ ಬಿಟ್ಟುಹೋದವರಿಗೆ ಫೋನ್ ಮಾಡಿದಳು. ಕೆಲವರು ಎತ್ತಲಿಲ್ಲ. ಎತ್ತಿದವರಲ್ಲಿ ಒಬ್ಬಿಬ್ಬರು ನಿಜಕ್ಕೂ ವಾಸಿಯಾಗಿದ್ದರು. ಉಳಿದವರು ಮೊದಲು ಸಂಕೋಚಪಟ್ಟರು, ಆಮೇಲೆ ಹೇಳಿದರು. ಬಸ್ಸು ಓಡಿಸುತ್ತಿದ್ದವನೊಬ್ಬ ಸ್ಟಿಯರಿಂಗ್ ತಿರುಗಿಸಲಾಗದೆ ಡಿಪೋದ ಗೇಟು ಕಾಯುವ ಕೆಲಸಕ್ಕೆ ಹೋಗಿದ್ದ. "ನಿಮ್ಮ ತಪ್ಪಲ್ಲ ಬಿಡಿ ಮೇಡಂ, ನನ್ನ ಮೈಯೇ ಹಾಗೆ" ಎಂದು ಅವನೇ ಸಮಾಧಾನ ಹೇಳಿದ. ಆ ಸಮಾಧಾನ ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು.

ಮಧ್ಯಾಹ್ನ ದೊಡ್ಡ ಡಾಕ್ಟರ ಮುಂದೆ ಲ್ಯಾಪ್‌ಟಾಪ್ ಇಟ್ಟು ಎರಡು ಲೆಕ್ಕವನ್ನೂ ತೋರಿಸಿದಳು. ಅವರು ಎರಡನ್ನೂ ಮತ್ತೆ ಮೇಲಿಂದ ಓದಿದರು.

"ಮೊದಲನೇದನ್ನ ಮಾತ್ರ ತಂದಿದ್ರೆ ನಾನು ಸಹಿ ಹಾಕಿಬಿಡ್ತಿದ್ದೆ" ಎಂದರು ಕೊನೆಗೆ.

ನೋವು ಇನ್ನೂ ಕುದಿಯುತ್ತಿರುವ ಭುಜವನ್ನು ಬಲವಂತವಾಗಿ ಎಳೆಯಬಾರದೆಂದು ಆ ವಾರವೇ ತೀರ್ಮಾನವಾಯಿತು. ಬಿಟ್ಟುಹೋದವರನ್ನೆಲ್ಲ ಮತ್ತೆ ಕರೆಸಿ ಮೆತ್ತಗಿನ ಕ್ರಮ ಶುರುಮಾಡಿದರು. ಬಸ್ಸಿನವನೂ ಬಂದ.

ದೊಡ್ಡಮ್ಮನನ್ನು ಕರೆಯಲು ಭುಜದಮ್ಮ ತಾನೇ ಹೋದಳು.

"ಬರ್ತೀನಿ" ಎಂದಳು ದೊಡ್ಡಮ್ಮ. "ಆದ್ರೆ ನಿನ್ನ ಹತ್ರ ಬೇಡ. ಆ ಪಕ್ಕದ ಕೋಣೆ ಮಂಡಿಯಮ್ಮ ಇದಾಳಲ್ಲ, ಅವಳೇ ಮಾಡ್ಸಲಿ."

"ಅವಳು ಮಂಡಿ ನೋಡೋಳು ದೊಡ್ಡಮ್ಮ."

"ಹೇಳ್ಕೊಡು, ಕಲೀತಾಳೆ. ನೋವಾದ್ರೆ ಅವಳ ಮೇಲೆ ಕೂಗಾಡಬಹುದು. ನಿನ್ನ ಮೇಲೆ ನನಗೆ ಬಾಯಿ ಬರಲ್ಲ."

ಭುಜದಮ್ಮ ಹೂಂ ಎಂದಳು. ಮೊದಲ ದಿನ ಪಕ್ಕದ ಕೋಣೆಯಿಂದ ದೊಡ್ಡಮ್ಮನ ದನಿ ಗೋಡೆ ದಾಟಿ ಬಂತು, "ಅಮ್ಮಾ ತಾಯೀ, ನಿಲ್ಲಿಸೇ ಸಾಕು" ಎಂದು. ಮಂಡಿಯಮ್ಮ ಕೂಡಲೇ ನಿಲ್ಲಿಸಿದ್ದು ಇಲ್ಲಿಗೂ ಗೊತ್ತಾಯಿತು. ಭುಜದಮ್ಮ ತನ್ನೆದುರು ತೋಳು ಚಾಚಿ ಸುಮ್ಮನೆ ಕೂತಿದ್ದ ಮುದುಕನ ಮುಖವನ್ನೇ ನೋಡಿ, "ನೋಯ್ತಿದೆಯಾ? ನಿಜ ಹೇಳಿ" ಎಂದು ಕೇಳಿದಳು.